ನಲವತ್ತೊಂದನೆಯ ಪ್ರಶ್ನೆ

ಕಾಲೇಜು ಅಧ್ಯಾಪಕರಲ್ಲಿ ಕೆಲವರು ವರ್ಷಕ್ಕೆ ಮೂರು ಸಂಶೋಧನಾ ಲೇಖನ ಬರೆಯುತ್ತಾರೆ, ಕೆಲವರು ಮೂರು ವರ್ಷಕ್ಕೊಂದೂ ಬರೆಯುವುದಿಲ್ಲ. ಯಾಕೆ? ಈ ಹುಳ ತಲೆ ಹೊಕ್ಕ ಮೇಲೆ ಅದನ್ನೇ ಪಿಎಚ್‌ಡಿಗೆ ಹಿಡಿದೆ. ನಾನೂ ಸಿಂದಗಿಯಲ್ಲಿ ಅಧ್ಯಾಪಕ. ಪದವಿ ಬಂದರೆ ಬಡ್ತಿ, ಇಲ್ಲದಿದ್ದರೆ ಇದ್ದಲ್ಲೇ. ನಲವತ್ತು ಪ್ರಶ್ನೆಗಳ ಫಾರ್ಮು ಮಾಡಿಸಿ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಾಲೇಜುಗಳಿಗೆ ಹಂಚಿ ಬಂದೆ.

ಇಂಡಿಯ ಒಂದು ಕಾಲೇಜಿನಿಂದ ಹನ್ನೆರಡು ಫಾರ್ಮು ಬಂದವು. ಹನ್ನೆರಡರಲ್ಲೂ ಒಂದೇ ಅಕ್ಷರ, ಎಲ್ಲರಿಗೂ ಒಂದೇ ಅಡ್ಡಿ: ಸಮಯವಿಲ್ಲ. ಫೋನು ಮಾಡಿದೆ.

"ನನ್ನ ಅಕ್ಷರ ಚಂದ ಐತಿ ನೋಡ್ರಿ ಸರ್. ಯಾವ ಫಾರ್ಮ್ ಬಂದ್ರೂ ಎಲ್ಲಾರದ್ದೂ ನಾನ ತುಂಬ್ತೇನಿ," ಎಂದರು ಅಲ್ಲಿಯ ಇತಿಹಾಸದ ಅಧ್ಯಾಪಕರು, ಉಪಕಾರ ಮಾಡಿದವರ ದನಿಯಲ್ಲಿ.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಸಮಯವಿಲ್ಲದವರ ಪೈಕಿ ಒಬ್ಬರಿಗಂತೂ ಹನ್ನೆರಡು ಫಾರ್ಮು ತುಂಬುವಷ್ಟು ಪುರುಸೊತ್ತು.

ಮುದ್ದೇಬಿಹಾಳದಲ್ಲಿ ಗಣಿತ ಕಲಿಸುವ ಮೇಡಂ ಒಬ್ಬರು ಮಾತ್ರ ಫಾರ್ಮನ್ನು ಖಾಲಿಯೇ ಮರಳಿಸಿದರು. ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಲೇಖನ ಬರೆದವರು ಅವರೇ. ಸುಮ್ಮನಿರಲಾಗಲಿಲ್ಲ, ಬಸ್ಸು ಹಿಡಿದು ಹೋದೆ.

"ಗ್ರಂಥಾಲಯ, ಅನುದಾನ, ಇಂಟರ್ನೆಟ್ ಎಲ್ಲಾ ಕೇಳೀರಿ," ಎಂದರು. "ಅಡಗಿ ಯಾರ್ ಮಾಡ್ತಾರಂತ ಕೇಳಿಲ್ಲ. ನಾ ಮನಿಗಿ ಹೋಗೂದ್ರಾಗ ನಮ್ಮತ್ತಿ ರೊಟ್ಟಿ ಬಡದಿಟ್ಟಿರ್ತಾರ. ‘ನೀ ಬರಿ, ಯಾರರ ಬಂದ್ರ ನಾ ಮಾತಾಡಸ್ತೇನಿ’ ಅಂತಾರ. ಅದನ್ನ ಯಾವ ಪ್ರಶ್ನಿಗಿ ಬರೀಲ್ರಿ?"

ತಿರುಗಿ ಬರುವಾಗ ಬಸ್ಸಿನಲ್ಲೇ ನಲವತ್ತೊಂದನೆಯ ಪ್ರಶ್ನೆ ಬರೆದೆ: ನೀವು ಬರೆಯುವ ಹೊತ್ತಿನಲ್ಲಿ ಮನೆಗೆಲಸ ಯಾರು ಮಾಡುತ್ತಾರೆ? ಹೊಸದೊಂದು ಸಿಕ್ಕಿತೆಂಬ ಖುಷಿಯಲ್ಲಿ, ಮನೆಗೆ ಬಂದವನೇ ಹೆಂಡತಿಗೆ ತೋರಿಸಿದೆ. ಅವಳೂ ಅಧ್ಯಾಪಕಿ. ನನಗಿಂತ ಎರಡು ವರ್ಷ ಮೊದಲೇ ಪಿಎಚ್‌ಡಿಗೆ ಹೆಸರು ಹಚ್ಚಿದವಳು. ಅವಳಿಗೆ ನಾನು ಫಾರ್ಮನ್ನೇ ಕೊಟ್ಟಿರಲಿಲ್ಲ.

ಹಿಟ್ಟಿನ ಕೈ ಒರೆಸಿಕೊಂಡು ಓದಿದಳು.

"ಮದ್ಲ ನಿಮ್ಮದ ನೀವ ತುಂಬ್ರಿ. ನಿಮ್ಮ ಕೈಲೆ," ಎಂದು ಪೆನ್ನು ಕೊಟ್ಟು, ಮತ್ತೆ ಒಲೆಯ ಕಡೆ ತಿರುಗಿದಳು.

ತುಂಬಿದೆ. ನಾಚಿಕೆಯಾಯಿತು. ಮರುದಿನದಿಂದ ಸಂಜೆಯ ಅಡುಗೆ ನನ್ನ ಪಾಲಿಗೆ ಬಂತು. ನನ್ನ ರೊಟ್ಟಿ ಇವತ್ತಿಗೂ ದುಂಡಗಾಗುವುದಿಲ್ಲ. ಅವಳ ಪ್ರಬಂಧ ಹೋದ ತಿಂಗಳು ಸಲ್ಲಿಕೆಯಾಯಿತು. ನನ್ನದು ಇನ್ನೂ ಮುಗಿದಿಲ್ಲ.