ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಮಾಡದ ಫೋನ್

ಹೋದ ವರ್ಷ ಮಕ್ಕಳಿಗೆ ದಸರಾ ರಜೆ ಶುರುವಾದ ಮೊದಲ ಭಾನುವಾರ ನಡೆದ ಸಂಗತಿ ಇದು. ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಏಕೆಂದರೆ ಇದರಲ್ಲಿ ನಾನು ಹೆಮ್ಮೆಪಟ್ಟುಕೊಳ್ಳುವಂಥದ್ದು ಏನೂ ಇಲ್ಲ.

ನಮ್ಮ ಮನೆ ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಲ್ಲಿದೆ. ಯಜಮಾನರು ಹತ್ತಿ, ರಾಗಿ ಬೆಳೆಯುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನಮಗೊಬ್ಬಳೇ ಮಗಳು, ಹತ್ತು ವರ್ಷದ ಇಂಚರ. ನನ್ನ ಅವ್ವ ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ತಂಗಿ ಸವಿತಾಳನ್ನು ಹುಣಸೂರಿಗೆ ಕೊಟ್ಟಿದೆ. ಅವಳ ಗಂಡನಿಗೆ ಅಲ್ಲಿ ಶಾಮಿಯಾನದ ಅಂಗಡಿ. ಮೂರು ವರ್ಷದ ಹಿಂದೆ ಅವರು ಒಂದು ಬಿಳಿ ಕಾರು ತೆಗೆದುಕೊಂಡರು. ಸವಿತಾಳೂ ಡ್ರೈವಿಂಗ್ ಕಲಿತಳು.

ಕಾರು ಬಂದಾಗ ನನಗೆ ಏನೂ ಅನ್ನಿಸಲಿಲ್ಲ. ಪೂಜೆಗೆ ಹೋಗಿ ಊಟ ಮಾಡಿಕೊಂಡು ಬಂದೆ. ಹೊಟ್ಟೆಕಿಚ್ಚು ಶುರುವಾದದ್ದು ಅವಳು ಅವ್ವನನ್ನು ಅದರಲ್ಲಿ ಕೂರಿಸಿಕೊಂಡು ಸುತ್ತತೊಡಗಿದ ಮೇಲೆ. ಒಂದು ಭಾನುವಾರ ಚುಂಚನಕಟ್ಟೆ, ಇನ್ನೊಂದು ಭಾನುವಾರ ನಾಗರಹೊಳೆಯ ಕಡೆ, ಮತ್ತೊಂದು ಸಲ ಕಬಿನಿ ಹಿನ್ನೀರು. ಹಿನ್ನೀರಿಗೆ ಬಂದವರು ನಮ್ಮ ಹಂಪಾಪುರವನ್ನು ದಾಟಿಕೊಂಡೇ ಹೋಗಿದ್ದರು. ಹೋದದ್ದು ನನಗೆ ಗೊತ್ತಾದದ್ದು ಸಂಜೆ, ಸವಿತಾಳ ವಾಟ್ಸಾಪ್ ಸ್ಟೇಟಸ್ ನೋಡಿ. ಅವ್ವ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಸವಿತಾಳ ಗಂಡನ ಕಪ್ಪು ಕನ್ನಡಕ ಏರಿಸಿಕೊಂಡು ಕೂತಿದ್ದಳು. ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಅವ್ವ ನಿಜವಾಗಿಯೂ ನಗುತ್ತಿದ್ದಾಳೋ, ಸುಮ್ಮನೆ ಫೋಟೋಗೆ ಹಲ್ಲು ಬಿಟ್ಟಿದ್ದಾಳೋ ಎಂದು. ನಿಜವಾಗಿಯೇ ನಗುತ್ತಿದ್ದಳು. ತೊಟ್ಟಿದ್ದ ರವಿಕೆ ನಾನು ಹೊಲಿದದ್ದು.

ಆಮೇಲೆ ಸವಿತಾ ನನ್ನನ್ನು ಎಷ್ಟೋ ಸಲ ಕರೆದಳು. "ಅಕ್ಕ, ನೀನೂ ಬಾರೇ, ಇಂದ್ಗಡೆ ಸೀಟು ಖಾಲಿನೇ ಇರ್ತದೆ" ಅನ್ನುವಳು. ನಾನು ಪ್ರತಿ ಸಲವೂ ಹೊಲಿಗೆ ಇದೆ ಎಂದೆ. ಅವಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮುಂದೆ ಅವ್ವ ಅವಳ ಜೊತೆ ನಗುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡಿದರೂ ಅದೇ ಮಾತು. ಸವಿತನ ಕಾರಲ್ಲಿ ಹಾಡು ಹಾಕವ್ಳೆ, ಸವಿತನ ಕಾರಲ್ಲಿ ತಂಪಿಗೆ ಚಳಿಯಾಯ್ತದೆ. ನಾನು ಹೂಂ ಹೂಂ ಎಂದು ಮಿಷನ್ ತುಳಿಯುತ್ತಿದ್ದೆ.

ದಸರಾ ಹತ್ತಿರ ಬಂದಾಗ ಸವಿತಾ ಫೋನ್ ಮಾಡಿ, "ಅಕ್ಕ, ಈ ಭಾನುವಾರ ಅವ್ವನ್ನ ಬೈಲುಕುಪ್ಪೆಗೆ ಕರ್ಕೊಂಡೋಗವಾ ಅಂತ ಇದೀನಿ. ಚಿನ್ನದ ದೇವಸ್ಥಾನ ನೋಡ್ಬೇಕು ಅಂತ ಅವ್ಳ್ಗೆ ಬಾಳ ಆಸೆ" ಎಂದಳು.

ಅವ್ವನಿಗೆ ಆ ಆಸೆ ಇದ್ದದ್ದು ನನಗೂ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು. ನಾನು ಮದುವೆಯಾಗುವ ಮೊದಲೇ, ನಿನ್ನ ಒಂದ್ಸಲ ಕರ್ಕೊಂಡು ಹೋಗ್ತೀನಿ ಎಂದು ಅವಳಿಗೆ ಹೇಳಿದ್ದೆ. ಅದನ್ನೂ ಇವಳೇ ಮಾಡಿಬಿಡುತ್ತಾಳೆ ಅನ್ನಿಸಿದ ತಕ್ಷಣ ನನ್ನ ಬಾಯಿಂದ ಮಾತು ತಾನಾಗಿ ಬಂತು. "ಅಯ್ಯೋ, ಅವ್ವಂಗೆ ಮಂಡಿ ನೋವು ಜಾಸ್ತಿ ಆಗದೆ ಕಣೇ. ಈ ವಾರ ಎಲ್ಲೂ ಬರಲ್ಲ ಅಂದ್ಲು."

ಶನಿವಾರವೇ ಮಗಳನ್ನು ಕರೆದುಕೊಂಡು ಮೈಸೂರಿನ ಮೇಲೆ ತವರಿಗೆ ಹೋದೆ. "ಅವ್ವ, ನಾಳೆ ನಾನು ನಿನ್ನ ಬೈಲುಕುಪ್ಪೆಗೆ ಕರ್ಕೊಂಡೋಯ್ತೀನಿ. ಬಸ್ಸಲ್ಲಿ. ಸವಿತಂಗೆ ಹೇಳ್ಬೇಡ, ನಿಂಗೆ ಮಂಡಿ ನೋವು ಅಂದಿವ್ನಿ" ಎಂದೆ. ಅವ್ವ ನನ್ನ ಮುಖ ನೋಡಿದಳು. ಏಕೆ ಎಂದು ಕೇಳಲಿಲ್ಲ. "ಆಗ್ಲಿ ಬುಡು ಮಂಗಳ" ಎಂದಳು.

ಬೆಳಿಗ್ಗೆ ಏಳಕ್ಕೆ ಹೊರಟೆವು. ನಮ್ಮ ಕಡೆಯ ಬಸ್ಸುಗಳ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲವೂ ಅಕ್ಕಪಕ್ಕದ ತಾಲ್ಲೂಕುಗಳು. ಯಾವ ಊರಿನಿಂದ ಬೇಕಾದರೂ ಮೈಸೂರಿಗೆ ಬಸ್ಸು ಸಿಗುತ್ತದೆ. ಪಕ್ಕದ ತಾಲ್ಲೂಕಿಗೆ ಹೋಗಬೇಕೆಂದರೆ ಮಾತ್ರ ಯಾವುದು ಎಷ್ಟು ಹೊತ್ತಿಗೆ ಬರುತ್ತದೋ ಹೇಳುವವರಿಲ್ಲ. ಹಳ್ಳಿಯಿಂದ ಕೆ.ಆರ್. ನಗರಕ್ಕೆ ಒಂದು, ಅಲ್ಲಿಂದ ಹುಣಸೂರಿಗೆ ಒಂದು, ಹುಣಸೂರಿನಿಂದ ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಗೆ ಇನ್ನೊಂದು. ಕಾರಾದರೆ ಒಂದೂವರೆ ಗಂಟೆಯ ದಾರಿ. ನಾವು ಮುಟ್ಟಿದಾಗ ಹನ್ನೊಂದೂವರೆ.

ಆದರೂ ಬೆಳಗಿನ ಪ್ರಯಾಣ ಚೆನ್ನಾಗಿತ್ತು. ಅವ್ವನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸಿನ ಮಗಳ ಬಾಣಂತನದ ಕಥೆಯನ್ನೆಲ್ಲ ಹುಣಸೂರು ಬರುವಷ್ಟರಲ್ಲಿ ಕೇಳಿ ಮುಗಿಸಿದ್ದಳು. ಪಿರಿಯಾಪಟ್ಟಣದ ಬಸ್ಸು ಹತ್ತಿ ಕೂತಾಗ ಅವ್ವನ ಚಿಕ್ಕ ಫೋನು ಬಡಿದುಕೊಂಡಿತು. ಅವಳಿಗೆ ಬಂದ ಫೋನ್ ಎತ್ತಲು ಮಾತ್ರ ಬರುತ್ತದೆ, ಮಾಡಲು ಬರುವುದಿಲ್ಲ. ಸವಿತಾ.

ಅವ್ವ ಕಿವಿಗೆ ಇಟ್ಟುಕೊಂಡು, "ಹೂಂ ಕಣವ್ವ, ಮನೇಲೇ ಇವ್ನಿ. ಮಂಡಿಗೆ ಎಣ್ಣೆ ಅಚ್ಕೊಂಡು ಮನೀಕಂಡಿವ್ನಿ" ಎಂದಳು. ಅಷ್ಟು ಹೊತ್ತಿಗೆ ಸರಿಯಾಗಿ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಪಿರಿಯಾಪಟ್ಣ, ಬೈಲುಕುಪ್ಪೆ, ಕುಶಾಲನಗರ!" ಎಂದು ಕೂಗಿದ. ಅವ್ವ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇಟ್ಟ ಮೇಲೆ ನಾವು ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಎಷ್ಟೋ ವರ್ಷದ ಮೇಲೆ ಅವ್ವ ನನ್ನವಳಾಗಿದ್ದಾಳೆ ಅನ್ನಿಸಿತು.

ದೇವಸ್ಥಾನದಲ್ಲಿ ಅವ್ವ ಆ ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳ ಮುಂದೆ ಕೈಮುಗಿದು ನಿಂತವಳು ಅಲುಗಾಡಲಿಲ್ಲ. ಕೆಂಪು ಬಟ್ಟೆ ತೊಟ್ಟ ಸನ್ಯಾಸಿಗಳು ಸಾಲಾಗಿ ಕೂತು ಮಂತ್ರ ಹೇಳುತ್ತಿದ್ದರು. "ಇಷ್ಟೊಂದ್ ಜನಕ್ಕೆ ಅಡ್ಗೆ ಯಾರ್ ಮಾಡಾರು?" ಎಂದು ಅವ್ವ ಕೇಳಿದಳು. ಅವಳ ಫೋಟೋ ತೆಗೆದೆ. ಸ್ಟೇಟಸ್‌ಗೆ ಹಾಕಲು ಹೋದವಳು ನಿಂತೆ. ನನಗೆ ತೋರಿಸಬೇಕಾಗಿದ್ದದ್ದು ಒಬ್ಬಳಿಗೇ. ಅವಳಿಗೆ ಮಾತ್ರ ತೋರಿಸುವ ಹಾಗಿರಲಿಲ್ಲ.

ಎರಡೂವರೆಗೆ ವಾಪಸು ಹೊರಟೆವು. ಭಾನುವಾರ, ರಜೆ, ಬಸ್ಸು ತುಂಬಿ ತುಳುಕುತ್ತಿತ್ತು. ಪಿರಿಯಾಪಟ್ಟಣದವರೆಗೆ ಅವ್ವ ನಿಂತೇ ಬಂದಳು. ಹುಣಸೂರಿನಲ್ಲಿ ಇಳಿದಾಗ ನಾಲ್ಕು ದಾಟಿತ್ತು. ಕೆ.ಆರ್. ನಗರದ ಬಸ್ಸು ಆಗ ತಾನೇ ಹೋಯಿತಂತೆ. ಮುಂದಿನದು ಯಾವಾಗ ಎಂದು ವಿಚಾರಿಸಿದೆ. "ಐದಕ್ಕೆ ಒಂದದೆ. ಇವತ್ತು ಭಾನ್ವಾರ ಅಲ್ವಾ, ಬಂದ್ರೂ ಬತ್ತದೆ" ಎಂದರು.

ಐದಕ್ಕೆ ಬರಲಿಲ್ಲ. ಅವ್ವ ಕಲ್ಲುಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ನಾನು ಹೇಳಿದ್ದ ಮಂಡಿ ನೋವು ಈಗ ನಿಜವಾಗಿತ್ತು. ತುಟಿ ಒಣಗಿತ್ತು. ನೀರಿನ ಬಾಟಲಿ ಕೊಟ್ಟರೆ ಬೇಡ ಎಂದಳು.

"ಬೆಳಗ್ಗಿಂದ ನೀರೇ ಕುಡ್ದಿಲ್ವೇನವ್ವ?"

"ಕುಡುದ್ಬುಟ್ಟು ಎಲ್ಲಿಗೋಗಾನೆ? ಬಸ್ಸು ನಿಲ್ಸು ಅನ್ನಕಾದದಾ?"

ಬೆಳಗಿನಿಂದ ಅವಳು ನಗುತ್ತ, ಮಾತಾಡುತ್ತ, ಬಾಯಾರಿಕೆಯನ್ನು ಹಾಗೇ ಇಟ್ಟುಕೊಂಡು ನನ್ನ ಜೊತೆ ಸುತ್ತಿದ್ದಳು.

ಸವಿತಾಳ ಮನೆ ಬಸ್‌ಸ್ಟ್ಯಾಂಡಿನಿಂದ ಕಾಲ್ನಡಿಗೆಯ ದೂರ. ಮಂಡಿ ನೋಯುವವರಿಗೆ ಅದೂ ಆಗದು, ಆದರೆ ಕಾರಿಗೆ ಐದು ನಿಮಿಷ. ಅವ್ವನೇ ಹೇಳಿದಳು. "ಓಗ್ಲಿ, ಸವಿತಂಗೆ ಒಂದು ಪೋನ್ ಮಾಡವ್ವ. ಬೈದ್ರೆ ನಂಗೆ ಬೈಲಿ."

ನಾನು ಫೋನ್ ತೆಗೆದು, ನಾಲ್ಕು ಹೆಜ್ಜೆ ಆಚೆ ಹೋಗಿ, ಕಿವಿಗೆ ಇಟ್ಟುಕೊಂಡು ನಿಂತೆ. ಯಾರಿಗೂ ಮಾಡಿರಲಿಲ್ಲ. ಬಂದು, "ಎತ್ತುತ್ತಾ ಇಲ್ಲ ಕಣವ್ವ" ಎಂದೆ. ಅವ್ವ ಹೂಂ ಎಂದಳು. ಇಂಚರ ನನ್ನನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅವಳೇ ಕೂಗಿದಳು. "ಅಮ್ಮ, ಚಿಕ್ಕಮ್ಮನ ಕಾರು!"

ನಿಜ. ಬಿಳಿ ಕಾರು ಬಸ್‌ಸ್ಟ್ಯಾಂಡಿನ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಬರುತ್ತಿತ್ತು. ಸವಿತಾಳೇ ಓಡಿಸುತ್ತಿದ್ದಳು. ನಾನು ಮಗಳ ಬಾಯಿ ಮುಚ್ಚಿ, ಅವ್ವನನ್ನು ರಟ್ಟೆ ಹಿಡಿದು ಎಬ್ಬಿಸಿ ಕಂಬದ ಮರೆಗೆ ಎಳೆದುಕೊಂಡೆ. ಕಾರು ದಾಟಿಹೋಯಿತು. ಅವ್ವ, "ಅದು ಸವಿತನ್ ಕಾರಲ್ವೇನೆ?" ಎಂದಳು. "ಅಲ್ಲ ಬುಡವ್ವ, ಅಂಥವು ನೂರಿರ್ತವೆ" ಎಂದೆ. ಐದು ನಿಮಿಷಕ್ಕೆ ಅದೇ ಕಾರು ಮತ್ತೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಭಾನುವಾರ ಸಂಜೆ ಎಲ್ಲಿಗೋ ಮಜಾ ಮಾಡಲು ಹೊರಟಿದ್ದಾಳೆ ಎಂದುಕೊಂಡು ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಐದೂಮುಕ್ಕಾಲಿಗೆ ಬಸ್ಸು ಬಂತು. ಒಂದೂವರೆ ಗಂಟೆಯಿಂದ ಕಾದಿದ್ದವರೆಲ್ಲ ಒಟ್ಟಿಗೆ ಬಾಗಿಲಿಗೆ ಮುಗಿಬಿದ್ದರು. ಅವ್ವನಿಗೆ ಸೀಟು ಹಿಡಿಯಬೇಕೆಂದು ನಾನು ಮಗಳನ್ನು ಎಳೆದುಕೊಂಡು ಮುಂದೆ ನುಗ್ಗಿದೆ. "ಬೇಗ ಅತ್ತು, ಬಾ ಬಾ" ಎಂದು ಹಿಂದಿರುಗಿ ಕೂಗಿದೆ. ಅವ್ವ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದಳು. ಮಂಡಿ ಕೈಕೊಟ್ಟಿತೋ, ಯಾರಾದರೂ ತಳ್ಳಿದರೋ, ಇವತ್ತಿಗೂ ಗೊತ್ತಿಲ್ಲ. ಜನರ ಮಧ್ಯೆ ಅವಳ ಮುಖ ಮಾಯವಾಯಿತು. ಆಮೇಲೆ, "ಅಯ್ಯೋ, ಅಜ್ಜಿ ಬಿದ್ರು!" ಎಂಬ ಕೂಗು.

ಮಗಳನ್ನು ಎಳೆದುಕೊಂಡು ನಾನು ಹೇಗೆ ಇಳಿದೆನೋ ತಿಳಿಯದು. ಅವ್ವ ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮಣಿಕಟ್ಟು ಆಗಲೇ ಊದುತ್ತಿತ್ತು. ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಓಡಿಬಂದು ಅವಳನ್ನು ತನ್ನ ಎದೆಗೆ ಒರಗಿಸಿಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ನನ್ನ ಕಡೆ ತಿರುಗಿ, "ಅಂಗೇ ನೋಡ್ತಾ ನಿಂತ್ಕೊಂಡಿದೀಯಲ್ಲವ್ವ! ಈ ಊರಲ್ಲಿ ನಿಮ್ಮೋರು ಯಾರೂ ಇಲ್ವಾ?" ಎಂದು ಗದರಿದಳು.

ನಾನು ಸವಿತಾಗೆ ಫೋನ್ ಮಾಡಿದೆ. ಪೂರ್ತಿ ಒಂದು ರಿಂಗ್ ಕೂಡ ಆಗಲಿಲ್ಲ. "ಎಲ್ಲಿದೀರೇ?" ಎಂದಳು. ಏನಾಯಿತು ಎಂದು ಕೇಳಲಿಲ್ಲ, ಎಲ್ಲಿದ್ದೀರಿ ಎಂದು ಕೇಳಿದಳು. ಎರಡು ನಿಮಿಷಕ್ಕೆ ಕಾರು ಬಸ್‌ಸ್ಟ್ಯಾಂಡಿನ ಮುಂದಿತ್ತು.

ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಎರಡು ವರ್ಷದಿಂದ ಹತ್ತುವುದಿಲ್ಲ ಎಂದು ಹಟ ಮಾಡಿದ್ದ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಮಗಳೂ ಕೂತೆವು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಕಟ್ಟು ಹಾಕಬೇಕು ಎಂದರು. ಒಳಗೆ ಕಟ್ಟು ಹಾಕುತ್ತಿರುವಾಗ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಇಂಚರ ಒಳಗೆ ಅಜ್ಜಿಯ ಜೊತೆ ಇದ್ದಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಬೆಳಗ್ಗೆ ಪೋನಲ್ಲೇ ಕೇಳುಸ್ತಲ್ಲ, ಬೈಲುಕುಪ್ಪೆ ಬೈಲುಕುಪ್ಪೆ ಅಂತ ಕೂಗಿದ್ದು" ಎಂದಳು ಸವಿತಾ. "ಸಂಜೆ ಕೆ.ಆರ್. ನಗರದ ಬಸ್ಸು ಸಿಗಲ್ಲ ಅಂತ ಈ ಊರೋರಿಗೆ ಗೊತ್ತಿಲ್ವಾ? ನಾಲ್ಕು ಗಂಟೆಯಿಂದ ಎಷ್ಟು ಸಲ ಸ್ಟ್ಯಾಂಡ್ ಮುಂದೆ ಸುತ್ತಿದೀನಿ ಗೊತ್ತಾ? ಕಂಡ್ರೆ ಅತ್ತುಸ್ಕೊಳವಾ ಅಂತ."

"ಪೋನ್ ಮಾಡ್ಬೋದಿತ್ತಲ್ಲ ನೀನು."

"ನಾನ್ಯಾಕೆ ಮಾಡ್ಲಿ? ಸುಳ್ಳು ಹೇಳಿದ್ದು ನೀನು." ಅವಳು ನನ್ನ ಕಡೆ ತಿರುಗಿದಳು. "ನಿನ್ ಸುಳ್ಳಿಗೆ ಬೇಜಾರಿಲ್ಲ ಕಣಕ್ಕ. ಅವ್ವ ಹೇಳುದ್ಲಲ್ಲ, ಎಣ್ಣೆ ಅಚ್ಕೊಂಡು ಮನೀಕಂಡಿವ್ನಿ ಅಂತ, ಅದು. ನಿಂಗೋಸ್ಕರ ಅವ್ಳು ಸುಳ್ಳು ಹೇಳ್ತಾಳೆ. ನಂಗೋಸ್ಕರ ಯಾವತ್ತು ಹೇಳವ್ಳೆ? ನನ್ ಕಾರಲ್ಲಿ ಅವ್ಳು ಅರ್ಧ ದಾರಿ ನಿದ್ದೆ ಹೊಡೀತಾಳೆ. ಎದ್ರೆ ನಿನ್ ಮಾತೇ. ಮಂಗಳಂಗೆ ಇದು ತೋರ್ಸಬೇಕಿತ್ತು, ಮಂಗಳ ಇದ್ದಿದ್ರೆ ಚೆನ್ನಾಗಿರ್ತಿತ್ತು. ಆ ಕೋಟೆ ರಸ್ತೇಲಿ ನಿಮ್ಮೂರು ದಾಟೋವಾಗ ನಿಲ್ಸು ನಿಲ್ಸು ಅಂದ್ಲು. ಹೊಟ್ಟೆ ಉರೀತು. ನಿಲ್ಲುಸ್ಲಿಲ್ಲ ನಾನು."

ಇಬ್ಬರೂ ಅತ್ತೆವು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅಳಲಿಲ್ಲ. ಅವಳು ಮೂಗು ಒರೆಸಿಕೊಂಡು, "ಹಸಿವಾಗಿರ್ಬೇಕು ಮಗೂಗೆ" ಎಂದು ಎದ್ದು ಬಿಸ್ಕತ್ತು ತರಲು ಹೋದಳು.

ಅವ್ವನ ಕೈ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಕೊಂಚ ಸೊಟ್ಟಗಿದೆ. ಮುದ್ದೆ ತಿರುವಲು ಆಗುವುದಿಲ್ಲ. ಈಗ ಸವಿತಾ ಕರೆದರೆ ನಾನೂ ಕಾರಿನಲ್ಲಿ ಹೋಗುತ್ತೇನೆ. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತ ಹೆಂಗಸರನ್ನು ಕಾರಿನ ಕಿಟಕಿಯಿಂದ ನೋಡುವಾಗ, ಅವರಲ್ಲಿ ಎಷ್ಟು ಜನ ನೀರು ಕುಡಿಯದೆ ನಿಂತಿದ್ದಾರೋ ಅನ್ನಿಸುತ್ತದೆ. ಹೆಂಗಸರಿಗೆ ಈಗ ಟಿಕೆಟ್ಟಿನ ಚಿಂತೆ ಇಲ್ಲ, ಅದು ದೊಡ್ಡ ಉಪಕಾರ. ಅದರ ಜೊತೆಗೆ ಸಂಜೆ ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸು, ಬೀಗ ಹಾಕಿಲ್ಲದ ಒಂದು ಶೌಚಾಲಯ, ಮುದುಕರ ಕಾಲಿಗೆ ಎಟುಕುವ ಒಂದು ಮೆಟ್ಟಿಲು. ಇಷ್ಟಿದ್ದರೆ ನಮ್ಮಂಥವರೂ ಅವ್ವಂದಿರನ್ನು ಊರು ತೋರಿಸಲು ಕರೆದುಕೊಂಡು ಹೋಗಬಹುದು, ಯಾರ ಕಾರನ್ನೂ ನೋಡಿ ಉರಿದುಕೊಳ್ಳಬೇಕಿಲ್ಲ.

ಆದರೆ ಬಸ್ಸಿನ ಮೇಲೆ ಹಾಕಿ ನಾನು ಪಾರಾಗಲಾರೆ. ಬಸ್ಸು ತಡವಾದದ್ದು ನನ್ನ ತಪ್ಪಲ್ಲ. ಕೈಯಲ್ಲಿ ಫೋನ್ ಹಿಡಿದುಕೊಂಡು ಮಾಡದೆ ನಿಂತದ್ದು ನನ್ನದೇ. ಹೊಟ್ಟೆಕಿಚ್ಚು ಈಗಲೂ ಪೂರ್ತಿ ಹೋಗಿಲ್ಲ. ಅವ್ವ ಸವಿತಾಳ ಭುಜ ಹಿಡಿದು ಕಾರಿನಿಂದ ಇಳಿಯುವಾಗ ಒಳಗೆ ಚುರುಕ್ ಅನ್ನುತ್ತದೆ. ಬಹುಶಃ ಅವಳಿಗೂ ಅನ್ನುತ್ತಿರಬೇಕು.

ಕೈ ಹೇಗೆ ಮುರಿಯಿತು ಎಂದು ಯಾರು ಕೇಳಿದರೂ, ಅಣ್ಣ ಕೇಳಿದರೂ, ನೆಂಟರು ಕೇಳಿದರೂ, ಅವ್ವ ಒಂದೇ ಮಾತು ಹೇಳುತ್ತಾಳೆ. "ಮಂಗಳ ನಿಧಾನ ಕಣವ್ವ ಅಂದ್ಲು. ನಾನೇ ಆತ್ರ ಬಿದ್ದು ಅತ್ತಕೋದೆ." ಪಕ್ಕದಲ್ಲೇ ಕೂತಿದ್ದರೂ ನಾನು ಅದನ್ನು ಒಂದು ಸಲವೂ ತಿದ್ದಿಲ್ಲ. ಇವತ್ತು ಇಲ್ಲಿ ತಿದ್ದುತ್ತಿದ್ದೇನೆ. ನಿಧಾನ ಎಂದು ನಾನು ಹೇಳಿರಲಿಲ್ಲ. ಬೇಗ ಹತ್ತು ಎಂದು ಕೂಗಿದ್ದೆ.