ಪ್ಲಾಸ್ಟರ್ ಅಕ್ಕ ಒಟ್ಟುಗೂಡಿಸಿದ ಕಾಗದಗಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪ್ಲಾಸ್ಟರ್ ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಮುರಿದ ಮೂಳೆಗಳಿಗೆ ಪಟ್ಟಿ ಸುತ್ತಿದವಳು. ಮುಖ ಮರೆತರೂ ಕೈಕಾಲು ಮರೆಯುತ್ತಿರಲಿಲ್ಲ. ಹಾಗಾಗಿ ಆರು ವರ್ಷದ ಹುಡುಗಿಯೊಬ್ಬಳು ಎಡಗೈ ಮುರಿದುಕೊಂಡು ಬಂದಾಗ, ಅದೇ ಕೈಗೆ ತಾನು ಎರಡು ಸಲ ಪಟ್ಟಿ ಹಾಕಿದ್ದು ಥಟ್ಟನೆ ನೆನಪಾಯಿತು. ಕತ್ತಿನ ಹಿಂದೆ ಬೆಲ್ಟಿನ ಬಕಲ್ ಕಚ್ಚಿದ ಗುರುತು ಇನ್ನೂ ಹಸಿಯಾಗಿತ್ತು.

ಮೆಟ್ಟಿಲಿಂದ ಬಿದ್ದಳು ಎಂದ ಅಪ್ಪ. ಮೂರು ಸಲವೂ ಮೆಟ್ಟಿಲೇ. ಮೂರು ಸಲವೂ ಬೇರೆ ಬೇರೆ ಡಾಕ್ಟರು. ಮೂಳೆ ಎಳೆದು ಕೂರಿಸುವಾಗಲೂ ಹುಡುಗಿ ಅಳಲಿಲ್ಲ, ಅಪ್ಪನ ಬೂಟನ್ನೇ ನೋಡುತ್ತಿದ್ದಳು.

ಜ್ವರದ ನೆಪ ಹೇಳಿ ಅಕ್ಕ ಅವಳನ್ನು ವಾರ್ಡಿನಲ್ಲೇ ಉಳಿಸಿಕೊಂಡಳು. ಊಟದ ಬಿಡುವಿನಲ್ಲಿ ಹುಡುಗಿಯ ಶಾಲೆಗೆ ಹೋದಳು. ಮಕ್ಕಳ ರಕ್ಷಣಾ ಕಚೇರಿಗೆ ತಾನು ಎರಡು ಪತ್ರ ಬರೆದಿದ್ದಾಗಿ ಟೀಚರ್ ಹೇಳಿದಳು. ಅಲ್ಲಿಂದ ಕಚೇರಿಗೆ ಹೋದರೆ, ಆಸ್ಪತ್ರೆಯ ವರದಿ ಬಾರದೆ ತಾವೇನೂ ಮಾಡುವಂತಿಲ್ಲ ಎಂದರು ಕಚೇರಿಯವರು. ವರದಿ ಕೇಳಿದ ಅವರ ಪತ್ರ ಅಕ್ಕನ ಕೋಣೆಯಿಂದ ಎರಡು ಬಾಗಿಲಾಚೆ, ಯಾರದೋ ಟ್ರೇಯಲ್ಲಿ ಐದು ತಿಂಗಳಿಂದ ಬಿದ್ದಿತ್ತು. ಎಲ್ಲರೂ ತಂತಮ್ಮ ಪಾಲಿನದು ಮಾಡಿ ಕೈತೊಳೆದುಕೊಂಡಿದ್ದರು. ಎರಡು ಸಲ ಪಟ್ಟಿ ಸುತ್ತಿ ಕಳಿಸಿದ ತಾನೂ ಅಷ್ಟೇ ಅನ್ನಿಸಿತು ಅಕ್ಕನಿಗೆ. ಪತ್ರಗಳನ್ನೂ ಮೂರು ಎಕ್ಸ್‌ರೇಗಳನ್ನೂ ಒಟ್ಟಿಗೆ ಈ ಸಲ ನೋಡಿದ ಡಾಕ್ಟರ ಮೇಜಿನ ಮೇಲಿಟ್ಟಳು. ಇದು ನಿನ್ನ ಕೆಲಸವಲ್ಲ ಎಂದು ಗೊಣಗುತ್ತಲೇ ಅವರು ವರದಿ ಬರೆದು ಸಹಿ ಹಾಕಿದರು.

ಸುದ್ದಿ ಅಪ್ಪನ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಮಗಳನ್ನು ಎಳೆದೊಯ್ಯಲು ಬಂದ. ವಾರ್ಡಿಗೆ ದಾರಿ ಪ್ಲಾಸ್ಟರ್ ಕೋಣೆಯ ಮೂಲಕವೇ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಗಳು. ಹೊಡೀತೀನಿ, ಕೊಲ್ತೀನಿ, ಕೇಳೋಕೆ ನೀನ್ಯಾರು?"

"ಮೂರು ಸಲ ಅವಳ ಕೈ ಕಟ್ಟಿದೋಳು," ಎಂದಳು ಅಕ್ಕ.

ಅವನು ಸಲೈನ್ ಸ್ಟ್ಯಾಂಡ್ ಎತ್ತಿ ಬೀಸಿದ. ತಡೆದ ಬಲಗೈ ಮಣಿಕಟ್ಟು ಲಟ್ಟೆಂದಿತು. ಎರಡನೇ ಏಟಿಗೆ ಬಾಯಿಂದ ಹಲ್ಲು ಹಾರಿತು. ಬಿದ್ದವಳ ಪಕ್ಕೆಗೆ ಒದ್ದು, ಅವಳನ್ನು ದಾಟಿ ಹೊರಟ. ಅಕ್ಕ ಎಡಗೈಯಿಂದ ಅವನ ಕಾಲು ತಬ್ಬಿ, ಉಳಿದ ಹಲ್ಲುಗಳಿಂದ ಮೀನಖಂಡಕ್ಕೆ ಕಚ್ಚಿದಳು. ಅವನು ತಲೆಗೆ ಗುದ್ದಿದಷ್ಟೂ ಹಲ್ಲು ಒಳಗಿಳಿಯಿತು. ಕಾವಲುಗಾರರು ಓಡಿಬಂದು ಅವನನ್ನು ಕೆಡವಿದ ಮೇಲೂ ಅವಳ ದವಡೆ ಬಿಡಿಸಲು ಇಬ್ಬರು ಬೇಕಾಯಿತು.

ಅವನಿಗೆ ಜೈಲಾಯಿತು. ಹುಡುಗಿ ಚಿಕ್ಕಮ್ಮನ ಮನೆ ಸೇರಿದಳು. ಅಕ್ಕನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡು, ಪಟ್ಟಿ ಸುತ್ತುವ ಕೆಲಸ ತಪ್ಪಿತು. ಬದಲಿಗೆ ಅವಳು ಕೇಳಿದ್ದು ಒಂದು ಮೇಜು, ನಾಲ್ಕು ಕುರ್ಚಿ. ಪ್ರತಿ ಸೋಮವಾರ ಡಾಕ್ಟರು, ಟೀಚರ್, ರಕ್ಷಣಾಧಿಕಾರಿ ತಂತಮ್ಮ ಕಾಗದ ಹಿಡಿದು ಅವಳೆದುರು ಕೂರಬೇಕು. ತಪ್ಪಿಸಿಕೊಂಡವರ ಮನೆ ಬಾಗಿಲಿಗೇ ಅವಳು ಹೋಗುತ್ತಿದ್ದಳು.

ಮೊದಲ ಸೋಮವಾರ ಹನ್ನೊಂದು ಮಕ್ಕಳ ಹೆಸರು ಮೂವರ ಕಾಗದದಲ್ಲೂ ಇತ್ತು. ಏಳನೆಯ ಹೆಸರಿಗೆ ಡಾಕ್ಟರು ತಲೆ ತಗ್ಗಿಸಿದರು. ಆ ಮಗುವನ್ನು ಹೆತ್ತವನೇ ಗೋಡೆಗೆ ಬಡಿದು ಕೊಂದು ವಾರವಾಗಿತ್ತು. ಟೀಚರ್ ಎದ್ದು ಹೊರಗೆ ಹೋಗಿ, ಮುಖ ತೊಳೆದು ಬಂದಳು.

"ಎಂಟನೇದು ಓದಿ," ಎಂದಳು ಅಕ್ಕ.