ಅಪ್ಪ ನೋಡಲೊಲ್ಲದ ಮೊಣಕಾಲು

ನನ್ನ ಗಂಡ ಕೆನಡಾದಲ್ಲಿ ಏಳು ವರ್ಷ ಹೊಟ್ಟೆಪಾಡಿಗೆ ಫುಟ್‌ಬಾಲ್ ಆಡಿದವನು. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಮೇಲೆ ಬಿದ್ದು ಕೆಡವುವ ಆಟ. ಎದುರಾಳಿಗಳು ಎತ್ತರಕ್ಕೆ ಒದ್ದ ಚೆಂಡು ಕೆಳಗೆ ಬರುವವರೆಗೆ ಕಾದು ಹಿಡಿದು, ತನ್ನತ್ತಲೇ ನುಗ್ಗಿ ಬರುವ ಹನ್ನೆರಡು ಜನರ ನಡುವೆ ದಾರಿ ಹುಡುಕಿಕೊಂಡು ಓಡುವುದು ಅವನ ಕೆಲಸ. ಉಳಿದ ಹೊತ್ತು ತನ್ನ ಕಡೆಯವರು ಎಸೆದ ಪಾಸ್ ಹಿಡಿಯುತ್ತಿದ್ದ. ನಾನು ಅಲ್ಲಿಗೆ ಓದಲು ಹೋದಾಗ ಪರಿಚಯವಾಗಿ ಮದುವೆಯಾದೆವು. ಅಪ್ಪ ಮದುವೆಗೆ ಬರಲಿಲ್ಲ.

ಮೂರು ತಂಡಗಳಿಗೆ ಆಡಿದ. ಬಲ ಮೊಣಕಾಲು ಹೋದ ಮೇಲೆ ಕೊನೆಯ ತಂಡದವರು ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಕೈಬಿಟ್ಟರು. ಎರಡು ಸಾವಿರದ ಇಸವಿಯ ಆಚೀಚೆ ನಾವು ಲಂಡನ್ನಿನ ಕ್ರೋಯ್ಡನ್‌ಗೆ ಬಂದು ಫ್ಲಾಟ್ ಹಿಡಿದೆವು. ಲಿಫ್ಟ್ ಕೆಟ್ಟ ದಿನ ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಟ್ರ್ಯಾಮಿನಲ್ಲಿ ನಾಲ್ಕು ಸ್ಟಾಪ್ ಆಚೆ ಅಪ್ಪನ ಮನೆ. ಅಪ್ಪ ಧಾರವಾಡದಿಂದ ಬಂದ ಎಲುಬಿನ ಡಾಕ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟೋ ಜನರ ಮೊಣಕಾಲು ಸರಿಮಾಡಿದವರು. ಈ ಒಂದನ್ನು ಮಾತ್ರ ನೋಡಲೊಲ್ಲರು.

ಒಂದು ಭಾನುವಾರ ಅವ್ವ ಹಟ ಮಾಡಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಉಣ್ಣುತ್ತ ನನ್ನ ಗಂಡ ಬಹಳ ಮರ್ಯಾದೆಯಿಂದ, ಒಮ್ಮೆ ಕಾಲು ನೋಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಪ್ಪ ತಲೆ ಎತ್ತಲಿಲ್ಲ.

"ರೇಸಿನ ಕುದುರಿ ಕಾಲ ಮುರಕೊಂಡ್ರ ಏನ ಮಾಡ್ತಾರಂತ ಕೇಳು ಅವಗ," ಎಂದರು ಅವ್ವನಿಗೆ.

"ಏನಂದರು?" ಗಂಡ ನನ್ನನ್ನು ಕೇಳಿದ.

ಅವ್ವ ಕಣ್ಣಿನಲ್ಲೇ ಬೇಡವೆಂದಳು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅಂಥ ಕುದುರೆಗೆ ಗುಂಡು ಹಾಕುತ್ತಾರೆಂದು ಅವನಿಗೂ ಗೊತ್ತಿತ್ತು. ಅಪ್ಪನಿಗೆ ನಾಚಿಕೆಯಾಗಲಿ ಎಂದೇ ಹೇಳಿದ್ದು. ನಾಚಿಕೆಯಾದದ್ದು ಗಂಡನಿಗೆ. ಅವನು ಎದ್ದು, ಕೋಟು ಕೂಡ ಹಾಕಿಕೊಳ್ಳದೆ ಹೊರಟುಹೋದ.

ನಾನು ಬ್ಯಾಗಿನಿಂದ ಕೆನಡಾದ ಎಕ್ಸ್‌ರೇ ತೆಗೆದು ಅಪ್ಪನ ತಟ್ಟೆಯ ಮೇಲೆಯೇ ಎಸೆದೆ.

"ನೀವು ಡಾಕ್ಟರ್ ಹೌದೋ ಅಲ್ಲೋ?"

ಅವರು ಅದಕ್ಕೆ ಹತ್ತಿದ ಎಣ್ಣೆ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ಒಂದ ಸಲದ ಪೆಟ್ಟಲ್ಲ. ಎಲುಬಿಗೆ ಎಲುಬು ತಿಕ್ಕೇದ. ಪೆಟ್ಟಾದ ಮ್ಯಾಲೂ ಆಡ್ಯಾನಲ್ಲ?"

"ಹೌದು. ತಂಡದವರು ನೋವು ಗೊತ್ತಾಗದಂಗ ಇಂಜೆಕ್ಷನ್ ಕೊಟ್ಟು ಆಡಿಸಿದ್ರು."

"ಆವಾಗ ನೀ ಎಲ್ಲಿದ್ದಿ?"

"ಸ್ಟೇಡಿಯಮ್‌ನಾಗ."

"ಚಪ್ಪಾಳಿ ಹೊಡದಿ?"

ಹೊಡೆದಿದ್ದೆ. ಸೂಜಿ ಚುಚ್ಚಿಸಿಕೊಂಡ ಅದೇ ಮಧ್ಯಾಹ್ನ ಅವನು ಈ ತುದಿಯಿಂದ ಆ ತುದಿಗೆ, ಯಾರ ಕೈಗೂ ಸಿಗದೆ ಓಡಿದ್ದ. ಗಂಟಲು ಹರಿಯುವಂತೆ ಕೂಗಿದ್ದೆ.

"ಅವರು ರೊಕ್ಕಕ್ಕ ಮಾಡಿದ್ರು. ನೀ ಯಾತಕ್ಕ ಮಾಡಿದಿ?"

ಆಮೇಲೆ ಆಪರೇಷನ್ನಿಗೆ ಕಳಿಸಿರೆಂದು ನಮ್ಮ ಜಿಪಿಗೆ, ಅಂದರೆ ನಮ್ಮ ಮಾಮೂಲಿ ಡಾಕ್ಟರಿಗೆ, ಒಂದು ಪತ್ರ ಬರೆದು, ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಒಗೆದರು. ಹರಿದು ಹಾಕಬೇಕೆನಿಸಿತು. ಮಡಚಿ ಇಟ್ಟುಕೊಂಡು ಬಂದೆ.

ತಿಂಗಳುಗಟ್ಟಲೆ ಕಾದ ಮೇಲೆ ಆಪರೇಷನ್ ಆಯಿತು. ಈಗ ಗಂಡ ಕಂಬಿ ಹಿಡಿಯದೆ ಇಳಿಯುತ್ತಾನೆ, ಓಡಲಾರ. ನಾವು ಲಂಡನ್ನಿನ ಇನ್ನೊಂದು ತುದಿಯ ಕಿಂಗ್ಸ್‌ಬರಿಗೆ ಮನೆ ಬದಲಿಸಿದೆವು. ಅವನು ಅಪ್ಪನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ನಾನು ಹೋದರೂ ಅಡಿಗೆಮನೆಯಲ್ಲಿ ಅವ್ವನ ಜೊತೆ ಕೂತು ಬರುತ್ತಿದ್ದೆ. ಆ ದಿನ ಅಪ್ಪ ನನಗೆ ಅಂದದ್ದು ಸುಳ್ಳಾಗಿದ್ದರೆ ಕ್ಷಮಿಸುತ್ತಿದ್ದೆನೇನೋ.